ಗೋವಾದಿಂದ ಕೊಚ್ಚಿಗೆ ಹಾಯಿದೋಣಿ: ರಾತ್ರಿ ಸಾಗಬಹುದೆ?

ಪ್ರಶ್ನೆ: ಗೋವಾದಲ್ಲಿ 32 ಅಡಿಯ ಹಳೆಯ ಹಾಯಿದೋಣಿ ಕೊಂಡಿದ್ದೇವೆ. ಜನವರಿಯಲ್ಲಿ ಮೂವರು ಸ್ನೇಹಿತರು ಅದನ್ನು ಕೊಚ್ಚಿಗೆ ಒಯ್ಯಬೇಕು. ಟ್ಯಾಂಕು 60 ಲೀಟರಿನದು. ರಾತ್ರಿಯೂ ಸಾಗಬಹುದೆ? ಡೀಸೆಲ್ ಎಲ್ಲಿ ತುಂಬಿಸಲಿ?
— ಓದುಗರೊಬ್ಬರು, ಕುಂದಾಪುರ

ಉತ್ತರ: ರಾತ್ರಿ ಸಾಗದೆ ನಿರ್ವಾಹವಿಲ್ಲ. ಪಣಜಿಯಿಂದ ಮಲ್ಪೆಗೆ ಸುಮಾರು 140 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿ.ಮೀ.), ಅಲ್ಲಿಂದ ಕೊಚ್ಚಿಗೆ ಸುಮಾರು 220. ಗಂಟೆಗೆ 5 ಮೈಲಿ ಓಡಿದರೂ ಮೊದಲ ಹಂತಕ್ಕೆ ಒಂದು ರಾತ್ರಿ, ಎರಡನೆಯದಕ್ಕೆ ಎರಡು.

ಜನವರಿಯಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಏಳುತ್ತದೆ, ತೆಂಕಕ್ಕೆ ಹೋಗುವವರಿಗೆ ಅದು ವರ. ನಡುರಾತ್ರಿ ನೆಲದ ಕಡೆಯಿಂದ ಸಣ್ಣ ಗಾಳಿ. ಬೆಳಿಗ್ಗೆ ಅದೂ ಬಿದ್ದುಹೋಗುತ್ತದೆ. ಹಾಗಾಗಿ ಅರ್ಧ ಹೊತ್ತು ಎಂಜಿನ್ ಓಡಿಸಬೇಕಾದೀತು. ಗಂಟೆಗೆ ಎರಡೂವರೆ ಲೀಟರ್ ಹಿಡಿದರೆ ಮಲ್ಪೆವರೆಗೆ 35, ಮುಂದಕ್ಕೆ 55 ಲೀಟರ್. ಟ್ಯಾಂಕಿನ ತಳ ಕಾಣುವ ಲೆಕ್ಕ ಅದು, ಆದ್ದರಿಂದ ಮಲ್ಪೆಯಲ್ಲಿ ಟ್ಯಾಂಕು ತುಂಬಿಸಿ, ಜೊತೆಗೆ 20 ಲೀಟರಿನ ಎರಡು ಕ್ಯಾನ್ ಇಟ್ಟುಕೊಳ್ಳಿ. ಮೀನುಗಾರಿಕಾ ಬಂದರಿನೊಳಗೆ ಬೋಟುಗಳ ಇಕ್ಕಟ್ಟು. ಹೊರಗೇ ಲಂಗರು ಹಾಕಿ, ಚಿಕ್ಕ ದೋಣಿಯಲ್ಲಿ ಕ್ಯಾನ್ ತನ್ನಿ. ಜಾಲರಿಯಿರುವ ಲಾಳಿಕೆಯಿಂದಲೇ ಸುರಿಯಿರಿ. ಒಮ್ಮೆ ಕ್ಯಾನಿನ ಡೀಸೆಲ್‌ನಲ್ಲಿ ನೀರು ಸೇರಿ ನನ್ನ ಎಂಜಿನ್ ಸರಿಯಾಗಿ ಗಾಳಿ ಸತ್ತ ಹೊತ್ತಿನಲ್ಲೇ ನಿಂತಿತ್ತು.

ನನಗೆ ಗಾಳಿಗಿಂತ ಬಲೆಯ ಭಯ ಹೆಚ್ಚು. ಭಟ್ಕಳದ ಹೊರಗೆ, ಅಮಾವಾಸ್ಯೆಯ ಆಸುಪಾಸು, ಬಲೆಯ ಹಗ್ಗ ದೋಣಿಯಡಿ ನೀರಿನಲ್ಲಿ ತಿರುಗುವ ನಮ್ಮ ಫ್ಯಾನಿಗೆ (ಪ್ರೊಪೆಲರ್‌ಗೆ) ಸುತ್ತಿಕೊಂಡಿತು. ಗಡಗಡ ಸದ್ದು ಕೇಳಿದ ಕ್ಷಣವೇ ನ್ಯೂಟ್ರಲ್‌ಗೆ ತಂದದ್ದರಿಂದ ಫ್ಯಾನ್ ತಿರುಗಿಸುವ ಶಾಫ್ಟ್ ಉಳಿಯಿತು. ಕತ್ತಲಲ್ಲಿ ನೀರಿಗಿಳಿಯುವ ಧೈರ್ಯ ಮಾಡಲಿಲ್ಲ, ನೀವೂ ಮಾಡಬೇಡಿ. ಬೆಳಕು ಹರಿದ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿ ಇಳಿದು ಬಿಡಿಸಿದೆ. ಬಲೆ ಕತ್ತರಿಸಿದರೆ ಒಂದು ಮನೆಯ ದುಡಿಮೆಯೇ ಕತ್ತರಿಸಿದ ಹಾಗೆ, ಅದನ್ನು ನೆನಪಿನಲ್ಲಿಟ್ಟು ಚಾಕು ಹಿಡಿಯಿರಿ. ಬೋಟಿನಿಂದ ಯಾರಾದರೂ ಟಾರ್ಚ್ ಬೀಸಿದರೆ ವೇಗ ಇಳಿಸಿ, "ಬಲೆ ಯಾವ ಕಡೆ ಉಂಟು?" ಎಂದು ಕೂಗಿ ಕೇಳಿ. ಬೋಟು ನಡೆಸುವ ತಾಂಡೇಲರು ದಾರಿ ತೋರಿಸುತ್ತಾರೆ. ನನಗೆ ಎಷ್ಟೋ ಸಲ ತೋರಿಸಿದ್ದಾರೆ.

ಇನ್ನೊಂದು ಮುಖ್ಯ ಮಾತು. ನಕ್ಷೆಯಲ್ಲಿ ಗೋವಾದಿಂದ ಮಲ್ಪೆಗೆ ನೇರ ಗೆರೆ ಎಳೆದರೆ ಅದು ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಮಗ್ಗುಲಿಗೇ ಬರುತ್ತದೆ. ಬೆಳಿಗ್ಗೆ 8ಕ್ಕೆ ಹೊರಟರೆ ನೀವಲ್ಲಿ ಮುಟ್ಟುವುದು ನಸುಕಿನ 3ರ ಸುಮಾರಿಗೆ, ಕಣ್ಣು ಅತಿ ಹೆಚ್ಚು ಎಳೆಯುವ ಹೊತ್ತು. ದ್ವೀಪವನ್ನು ಎಡಕ್ಕೆ ಬಿಟ್ಟು ಮೂರ್ನಾಲ್ಕು ಮೈಲಿ ಪಡುವಣಕ್ಕೆ ಸರಿದು ಹೋಗಿ. ಹಾಗೆ ಹೋದರೆ ಮಲ್ಪೆಯ ಎದುರಿನ ಬಂಡೆಗಳು ಮರುದಿನ ಮಧ್ಯಾಹ್ನ, ಬೆಳಕಿನಲ್ಲಿ ಸಿಗುತ್ತವೆ.

ಪಾಳಿ ಮೂರು ಗಂಟೆಯದಿರಲಿ. ಒಂಟಿಯಾಗಿ ಚುಕ್ಕಾಣಿ ಹಿಡಿದವರು ದೋಣಿಗೆ ಕಟ್ಟಿದ ಸೊಂಟದ ಹಗ್ಗ ಬಿಚ್ಚಕೂಡದು. ಹೊರಡುವ ಮುನ್ನ ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ. ರೇಡಿಯೊ ತುರ್ತು ಕರೆಯ 16ನೇ ಚಾನೆಲ್‌ನಲ್ಲಿರಲಿ. ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಯನ್ನೂ ನೀವು ತಲುಪುವ ಸಮಯವನ್ನೂ ಮನೆಯಲ್ಲಿ ಬರೆದಿಟ್ಟು ಬನ್ನಿ.