ಖುಲಾಸೆ ಪಟ್ಟಿ ಬೇಡ, ಪಾಟಿ ಸವಾಲಿನ ಹಾಳೆ ತನ್ನಿ

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕಟಣೆ ಪತ್ರಿಕೆಯಲ್ಲಿ ಬಂತೆಂದರೆ ಮುಂದಿನ ಹದಿನೈದು ದಿನ ನನ್ನ ಮೊಬೈಲಿಗೆ ಬಿಡುವಿರುವುದಿಲ್ಲ. 'ಮುಖ್ಯ ಕಾನೂನು ನೆರವು ಅಭಿರಕ್ಷಕರ ಹುದ್ದೆಗೆ ಅರ್ಜಿ ಕರೆದಿದ್ದಾರೆ ಸರ್, ಹೇಗೆ ಆರಿಸುತ್ತಾರೆ?' ವಕೀಲರಿಲ್ಲದ ಆರೋಪಿಗಳ ಪರ ಪುಕ್ಕಟೆಯಾಗಿ ವಾದಿಸುವ ಕಚೇರಿಯ ಮುಖ್ಯಸ್ಥರ ಹುದ್ದೆಯದು. ಜಿಲ್ಲಾ ನ್ಯಾಯಾಧೀಶನಾಗಿ ಸೇವೆಯಲ್ಲಿದ್ದಾಗ ಅಂಥ ಆಯ್ಕೆ ಸಮಿತಿಯ ಅಧ್ಯಕ್ಷತೆ ವಹಿಸಿದ್ದೆ ಎಂಬುದೇ ನಾನು ಮಾಡಿದ ಅಪರಾಧ. ಪದೇ ಪದೇ ಬರುವ ಆರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಅರ್ಜಿ ನಮೂನೆ ಎಲ್ಲಿ ಸಿಗುತ್ತದೆ, ಕೊನೆಯ ದಿನಾಂಕ ಯಾವುದು ಎಂದು ಕೇಳಿದವರಿಗೆ ಉತ್ತರವಿಲ್ಲ. ಪ್ರಕಟಣೆ ಓದಲು ಬೇಸರಪಡುವವರು ಮುನ್ನೂರು ಪುಟದ ದೋಷಾರೋಪಣ ಪಟ್ಟಿ ಓದುವುದುಂಟೇ?

ಪ್ರಶ್ನೆ: ಹದಿನಾಲ್ಕು ವರ್ಷದಿಂದ ಕ್ರಿಮಿನಲ್ ವಕೀಲಿಕೆ ಮಾಡುತ್ತಿದ್ದೇನೆ. ನಲವತ್ತೊಂದು ಸೆಷನ್ಸ್ ಪ್ರಕರಣ ನಡೆಸಿದ್ದೇನೆ, ಇಪ್ಪತ್ತೊಂಬತ್ತರಲ್ಲಿ ಖುಲಾಸೆ. ಮುಖ್ಯ ಅಭಿರಕ್ಷಕರ ಹುದ್ದೆಯ ಸಂದರ್ಶನದಲ್ಲಿ ಹತ್ತು ನಿಮಿಷವೂ ಮಾತನಾಡಿಸಲಿಲ್ಲ. ನನಗಿಂತ ಮೂರು ವರ್ಷ ಕಿರಿಯರು ಆಯ್ಕೆಯಾದರು. ಎಲ್ಲವೂ ಮೊದಲೇ ನಿಗದಿಯಾಗಿರುತ್ತದೆ ಎನ್ನುವುದು ನಿಜವೇ? ಇಲ್ಲವಾದರೆ ಸಮಿತಿ ನೋಡುವುದಾದರೂ ಏನನ್ನು?
(ಹೆಸರು ಬೇಡ ಎಂದವರು, ಉತ್ತರ ಕರ್ನಾಟಕ)

ಉತ್ತರ: ನಿಮ್ಮ ಜಿಲ್ಲೆಯ ಸಮಿತಿಯಲ್ಲಿ ನಾನು ಕುಳಿತಿರಲಿಲ್ಲ, ಅಲ್ಲಿನ ಮಾತು ಬಿಡಿ. ಆದರೆ ನಿಮ್ಮ ಪತ್ರದ ಎರಡನೆಯ ಸಾಲಿನಲ್ಲೇ ಸುಳಿವಿದೆ. ಆ ಇಪ್ಪತ್ತೊಂಬತ್ತು.

ಮೊದಲು ಚೌಕಟ್ಟು. ಹಿಂದೆ ವಕೀಲರಿಲ್ಲದ ಆರೋಪಿಗೆ ಪ್ಯಾನೆಲ್ ವಕೀಲರನ್ನು, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ಖಾಸಗಿ ವಕೀಲರನ್ನು, ಒಂದೊಂದು ಪ್ರಕರಣದ ಲೆಕ್ಕದಲ್ಲಿ ಕೊಡುತ್ತಿದ್ದೆವು. ಬಹುಪಾಲು ಮಂದಿಗೆ ಅದು ಸ್ವಂತ ಕೆಲಸವೆಲ್ಲ ಮುಗಿದ ಮೇಲೆ ನೋಡುವ ಕಡತ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2022ರ ಯೋಜನೆ ಇದರ ಬದಲು ಜಿಲ್ಲೆಯಲ್ಲಿ ಪೂರ್ಣಾವಧಿ ಕಚೇರಿಯನ್ನೇ ತಂದಿತು. ಒಬ್ಬ ಮುಖ್ಯ ಅಭಿರಕ್ಷಕರು, ಅವರ ಕೈಕೆಳಗೆ ಉಪ ಮುಖ್ಯರು ಮತ್ತು ಸಹಾಯಕರು. ಮುಖ್ಯರಾಗಲು ಕನಿಷ್ಠ 10 ವರ್ಷ ಕ್ರಿಮಿನಲ್ ವಕೀಲಿಕೆ ಮಾಡಿರಬೇಕು, ಸೆಷನ್ಸ್ ನ್ಯಾಯಾಲಯದಲ್ಲಿ ಕನಿಷ್ಠ 30 ವಿಚಾರಣೆ ನಡೆಸಿರಬೇಕು. ಈ ಮೂವತ್ತರ ಷರತ್ತನ್ನು ವಿಶೇಷ ಸಂದರ್ಭದಲ್ಲಿ ಸಡಿಲಿಸುವ ಅಧಿಕಾರ ರಾಜ್ಯ ಪ್ರಾಧಿಕಾರದ ಕಾರ್ಯಾಧ್ಯಕ್ಷರಿಗೆ ಮಾತ್ರ ಇದೆ. ಆಯ್ಕೆ ಸಮಿತಿಗೆ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು ಅಧ್ಯಕ್ಷರು. ಸಮಿತಿ ಆರಿಸಿದ ಹೆಸರಿಗೆ ಅದೇ ಕಾರ್ಯಾಧ್ಯಕ್ಷರ ಅಂತಿಮ ಒಪ್ಪಿಗೆ ಬೇಕು.

ಹತ್ತು ವರ್ಷ, ಮೂವತ್ತು ಪ್ರಕರಣ ಎನ್ನುವುದು ಹೊಸ್ತಿಲು. ಹದಿನಾಲ್ಕು ವರ್ಷವಾಯಿತೆಂದು ನೀವು ಹೊಸ್ತಿಲನ್ನು ಎರಡು ಸಲ ದಾಟಿದ ಹಾಗಾಗುವುದಿಲ್ಲ. ಇನ್ನು ಖುಲಾಸೆ. ನಮ್ಮ ಕಡೆ ಖುಲಾಸೆ ಹೇಗೆ ಆಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಎರಡೂ ಕಡೆಯವರು ಊರಲ್ಲಿ ರಾಜಿಯಾಗಿ ಬರುತ್ತಾರೆ, ಸಾಕ್ಷಿಗಳು ಸಾಲಾಗಿ ಪ್ರತಿಕೂಲವಾಗುತ್ತಾರೆ. ಅಂಥ ದಿನ ಆರೋಪಿಯ ಪರ ಕೋರ್ಟ್ ಹಾಲಿನ ಕಂಬ ಹಾಜರಾಗಿದ್ದರೂ ಖುಲಾಸೆಯೇ. ಖುಲಾಸೆಯ ಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿ ತಂದ ಅಭ್ಯರ್ಥಿಯನ್ನು ನಾನು ಕಂಡಿದ್ದೇನೆ. ಹಾಳೆ ಮಾತ್ರ ಗಟ್ಟಿಯಾಗಿತ್ತು.

ನಾನು ಕೇಳುತ್ತಿದ್ದದ್ದು ಬೇರೆ: ನೀವು ಪಾಟಿ ಸವಾಲು ಮಾಡಿದ ಸಾಕ್ಷಿಯ ಹೇಳಿಕೆಯ ನಕಲು, ನಿಮಗೆ ಇಷ್ಟವಾದ ಮೂರು ತನ್ನಿ. ಸೋತ ಪ್ರಕರಣದ್ದೂ ಆಗಬಹುದು. ಒಮ್ಮೆ ಒಂದೇ ಬೆಳಿಗ್ಗೆ ಇಬ್ಬರ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದೆ. ಹಿರಿಯರ ಹಾಳೆಯಲ್ಲಿ ತನಿಖಾಧಿಕಾರಿಯ ಪಾಟಿ ಸವಾಲು ನಾಲ್ಕು ಸಾಲಿಗೆ ಮುಗಿದಿತ್ತು, ವಕೀಲರ ಆರೋಪಕ್ಕೆ ಅಧಿಕಾರಿಯ ನಿರಾಕರಣೆ ಅಷ್ಟೇ. 'ನಾನು ಸರಿಯಾಗಿ ತನಿಖೆ ಮಾಡಿಲ್ಲ ಎಂದರೆ ಸರಿಯಲ್ಲ. ಮಹಜರನ್ನು ಠಾಣೆಯಲ್ಲೇ ಬರೆದಿದ್ದೇನೆ ಎಂದರೆ ಸರಿಯಲ್ಲ. ಸುಳ್ಳು ದೋಷಾರೋಪಣ ಪಟ್ಟಿ ಸಲ್ಲಿಸಿದ್ದೇನೆ ಎಂದರೆ ಸರಿಯಲ್ಲ. ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.' ಮೂವತ್ತು ವರ್ಷ ನಾನು ಬರೆಸಿಕೊಂಡ ಸಾಲುಗಳಿವು, ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಕಿರಿಯರ ಹಾಳೆಯಲ್ಲಿ ಪಂಚನೊಬ್ಬನಿಗೆ, ಅಂದರೆ ಪೊಲೀಸರು ಸ್ಥಳದಲ್ಲೇ ಬರೆಯಬೇಕಾದ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವನಿಗೆ, ಆರೇ ಪ್ರಶ್ನೆ. ನಿಮ್ಮ ಮನೆಯಿಂದ ಸ್ಥಳ ಎಷ್ಟು ದೂರ? ಯಾವ ವಾಹನದಲ್ಲಿ ಹೋದಿರಿ? ಅಲ್ಲಿ ಬರೆದವರು ಯಾರು, ಯಾವುದರ ಮೇಲಿಟ್ಟು ಬರೆದರು? ಕೊನೆಗೆ ಒಂದು ಸಾಲು: 'ಮೇಜಿನ ಮೇಲಿಟ್ಟು ಸಹಿ ಮಾಡಿದೆ ಎಂದರೆ ಸರಿ.' ಮಹಜರು ನಡೆದದ್ದು ಹೊಲದಲ್ಲಿ. ಹೊಲದಲ್ಲಿ ಮೇಜು ಎಲ್ಲಿಂದ ಬರಬೇಕು? ಆ ಪ್ರಕರಣದಲ್ಲಿ ಶಿಕ್ಷೆಯಾಗಿತ್ತು. ಆದರೂ ಆ ಹಾಳೆಯನ್ನು ನಾನು ಎರಡು ಸಲ ಓದಿದೆ.

ಸಂದರ್ಶನ ಹತ್ತು ನಿಮಿಷಕ್ಕೆ ಮುಗಿಯಿತು ಎಂದು ಕೊರಗುತ್ತೀರಿ. ಮೂರು ಪ್ರಶ್ನೆಗೆ ಹತ್ತು ನಿಮಿಷ ಧಾರಾಳವಾಗಿ ಸಾಕು. ನನ್ನ ಮೊದಲ ಪ್ರಶ್ನೆ ಯಾವಾಗಲೂ ಲೆಕ್ಕದ್ದು. ಕೊಲೆ ಆರೋಪ, ಮೇ 3ರಂದು ರಿಮಾಂಡ್, ಅಂದರೆ ಮ್ಯಾಜಿಸ್ಟ್ರೇಟರು ಬಂಧನಕ್ಕೆ ಒಪ್ಪಿಸಿದ ದಿನ. ದೋಷಾರೋಪಣ ಪಟ್ಟಿ ಬಂದಿಲ್ಲ. ಕೊಲೆ ಆರೋಪದಲ್ಲಿ ತೊಂಬತ್ತು ದಿನದೊಳಗೆ ಆ ಪಟ್ಟಿ ಬಾರದಿದ್ದರೆ ಆರೋಪಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಇಲ್ಲಿ ಅದು ಎಂದು? ಕಲಮಿನ ಸಂಖ್ಯೆಯನ್ನು ಎಲ್ಲರೂ ಗಿಳಿಪಾಠದಂತೆ ಒಪ್ಪಿಸುತ್ತಾರೆ. ಬೆರಳು ಮಡಿಚಿ ಎಣಿಸಿದವರು ಕಡಿಮೆ. ರಿಮಾಂಡ್ ಆದ ದಿನವನ್ನೂ ಸೇರಿಸಿ ಎಣಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹಾಗಾಗಿ ಜುಲೈ 31ಕ್ಕೆ ತೊಂಬತ್ತು ತುಂಬುತ್ತದೆ, ಆಗಸ್ಟ್ 1ರ ಬೆಳಿಗ್ಗೆ ಕೋರ್ಟ್ ಕುಳಿತುಕೊಳ್ಳುವ ಹೊತ್ತಿಗೆ ಅರ್ಜಿ ಕೈಯಲ್ಲಿರಬೇಕು. ನಿಮ್ಮ ಅರ್ಜಿಗಿಂತ ಮೊದಲು ದೋಷಾರೋಪಣ ಪಟ್ಟಿ ಬಂದರೆ ಆ ಹಕ್ಕು ಕೈತಪ್ಪಿತು. ಜೈಲಿನಲ್ಲಿರುವ ನೂರಾರು ಮಂದಿಯ ಈ ಲೆಕ್ಕವನ್ನು ದಿನವೂ ಇಡುವ ಕಚೇರಿಗೆ ಮುಖ್ಯಸ್ಥರನ್ನು ಹುಡುಕುತ್ತಿದ್ದೇವೆ, ಭಾಷಣಕಾರರನ್ನಲ್ಲ.

ಎರಡನೆಯದು: ಒಂದೇ ಪ್ರಕರಣದ ಇಬ್ಬರು ಆರೋಪಿಗಳು ನಿಮ್ಮ ಕಚೇರಿಗೆ ಬರುತ್ತಾರೆ. ಮೊದಲನೆಯವನು 'ಹೊಡೆದದ್ದು ಅವನು' ಎನ್ನುತ್ತಾನೆ, ಎರಡನೆಯವನು 'ಇವನೇ' ಎನ್ನುತ್ತಾನೆ. 'ಇಬ್ಬರಿಗೂ ನಾನೇ ನಿಲ್ಲುತ್ತೇನೆ ಸ್ವಾಮಿ' ಎಂದು ಎದೆ ತಟ್ಟಿಕೊಂಡವರನ್ನು ಅಲ್ಲಿಗೇ ಬಿಟ್ಟೆವು. ಒಬ್ಬನನ್ನು ಹೊರಗಿನ ಪ್ಯಾನೆಲ್ ವಕೀಲರಿಗೆ ಒಪ್ಪಿಸಬೇಕು, ಅವನ ಕಡತವನ್ನು ತಮ್ಮ ಕಚೇರಿಯ ಯಾರೂ ಮುಟ್ಟಬಾರದು ಎಂದವರು ಉಳಿದರು.

ಮೂರನೆಯದಕ್ಕೆ ಸರಿಯುತ್ತರ ಒಂದೇ ಇಲ್ಲ. ಆರೋಪಿ 'ತಪ್ಪೊಪ್ಪಿಕೊಂಡು ಮುಗಿಸಿಬಿಡುತ್ತೇನೆ, ಮನೆಗೆ ಹೋಗಬೇಕು' ಎನ್ನುತ್ತಾನೆ. ಕಾಗದ ನೋಡಿದರೆ ಪ್ರಕರಣ ನಿಲ್ಲುವಂತಿಲ್ಲ. ಏನು ಮಾಡುತ್ತೀರಿ? ಇಲ್ಲಿ ನಾನು ಕಾನೂನು ಕೇಳುತ್ತಿರಲಿಲ್ಲ. ಆ ಮನುಷ್ಯನ ಪಕ್ಕ ಕುಳಿತು ಮಾತನಾಡುವ ತಾಳ್ಮೆ ಇದೆಯೇ ಎಂದು ಮುಖ ನೋಡುತ್ತಿದ್ದೆ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಅದು ಅಭ್ಯರ್ಥಿಯದಲ್ಲ, ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತವರದು. ಆಯ್ಕೆ ಮಾಡುವ ನ್ಯಾಯಾಧೀಶರ ಮುಂದೆಯೇ ನಾಳೆ ಆ ವಕೀಲರು ವಾದಿಸಬೇಕು. ನ್ಯಾಯಾಧೀಶರಿಗೆ ಪ್ರಕರಣ ವಿಲೇವಾರಿಯ ಒತ್ತಡ ಇರುತ್ತದೆ. ವಾಯಿದೆ ಕೇಳದ, ಸಾಕ್ಷಿಯನ್ನು ಬೇಗ ಬಿಡುವ, 'ತಮ್ಮ ಚಿತ್ತ' ಎನ್ನುವ ವಕೀಲರು ಕಣ್ಣಿಗೆ ಒಳ್ಳೆಯವರಾಗಿ ಕಾಣುತ್ತಾರೆ. ಆರೋಪಿಯ ಪಾಲಿಗೆ ಅವರಷ್ಟು ಅಪಾಯಕಾರಿ ಬೇರೊಬ್ಬರಿಲ್ಲ.

ಮಧ್ಯಪ್ರದೇಶದ ಅನೋಖಿಲಾಲ್ ಪ್ರಕರಣವನ್ನು ಪ್ರತಿ ಸಮಿತಿಯೂ ಓದಿ ಕುಳಿತುಕೊಳ್ಳಬೇಕು. 2013ರ ಫೆಬ್ರವರಿಯಲ್ಲಿ ಆರೋಪಿಗೆ ಕಾನೂನು ನೆರವಿನ ವಕೀಲರನ್ನು ಕೊಟ್ಟ ದಿನವೇ ಆರೋಪ ಹೊರಿಸಿದರು. ಎರಡು ವಾರದೊಳಗೆ ವಿಚಾರಣೆ ಮುಗಿದು ಮರಣದಂಡನೆಯೂ ಆಯಿತು. 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿ, ಮತ್ತೆ ವಿಚಾರಣೆ ನಡೆಸಿ ಎಂದಿತು. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಪ್ರಕರಣದಲ್ಲಿ ನೆರವಿಗೆ ನಿಲ್ಲುವ ವಕೀಲರಿಗೆ ಕನಿಷ್ಠ ಹತ್ತು ವರ್ಷದ ಅನುಭವ ಇರಬೇಕು, ಸಿದ್ಧತೆಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕು ಎಂದೂ ಹೇಳಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಯು.ಯು. ಲಲಿತ್ ಅವರೇ 2022ರಲ್ಲಿ ರಾಷ್ಟ್ರೀಯ ಪ್ರಾಧಿಕಾರದ ಕಾರ್ಯಾಧ್ಯಕ್ಷರಾಗಿದ್ದರು. ನೇಮಕವಾದ ದಿನವೇ 'ನನಗೆ ಸಮಯ ಬೇಕು' ಎಂದು ಹಠ ಹಿಡಿಯುವವರು ಅಲ್ಲಿ ಬೇಕಿತ್ತು.

ನಾನೂ ಒಮ್ಮೆ ಎಡವಿದ್ದೇನೆ. ಇಬ್ಬರಲ್ಲಿ ಒಬ್ಬರು ನನ್ನ ಕೋರ್ಟಿನಲ್ಲಿ ದಿನಕ್ಕೊಂದು ಆಕ್ಷೇಪಣೆ ಎತ್ತಿ ತಲೆ ತಿನ್ನುತ್ತಿದ್ದವರು, ಇನ್ನೊಬ್ಬರು ಸೌಮ್ಯರು. ಸೌಮ್ಯರನ್ನು ಆರಿಸಿದೆ. ಆರು ತಿಂಗಳ ಕಾರ್ಯ ಪರಿಶೀಲನೆಗೆ ಬಂದ ವರದಿಯಲ್ಲಿ ಅಂಕಿಗಳು ಅಚ್ಚುಕಟ್ಟಾಗಿದ್ದವು. ಅದಾದ ಕೆಲವೇ ದಿನಕ್ಕೆ ಕಾರಾಗೃಹದ ತಪಾಸಣೆಗೆ ಹೋದಾಗ ಬ್ಯಾರಕ್ಕಿನ ಬಾಗಿಲಲ್ಲಿ ಒಬ್ಬ ಹುಡುಗನನ್ನು, 'ನಿನ್ನ ವಕೀಲರು ಬರುತ್ತಾರೇನಪ್ಪಾ?' ಎಂದು ಕೇಳಿದೆ. 'ನನಗೆ ವಕೀಲರು ಇದ್ದಾರಾ ಸ್ವಾಮಿ?' ಎಂದ. ವರದಿಯಲ್ಲಿ ಅವನ ಹೆಸರಿನ ಮುಂದೆ 'ಹಾಜರಾಗಿದ್ದಾರೆ' ಎಂದಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಮರುಪ್ರಶ್ನೆ: ಕಳೆದ ಒಂದು ವರ್ಷದಲ್ಲಿ ನಿಮ್ಮಿಂದ ಯಾವ ನ್ಯಾಯಾಧೀಶರಿಗಾದರೂ ಕಿರಿಕಿರಿಯಾಗಿದೆಯೇ? ಆಗಿದ್ದರೆ ಆ ದಿನದ ಹೇಳಿಕೆಯ ನಕಲಿಗೆ ಅರ್ಜಿ ಹಾಕಿ, ಮುಂದಿನ ಬಾರಿ ಅದನ್ನು ತೆಗೆದುಕೊಂಡು ಹೋಗಿ. ಕಿರಿಕಿರಿಪಟ್ಟವರೇ ಅಧ್ಯಕ್ಷರಾಗಿದ್ದರೆ? ಅದು ನಿಮ್ಮ ಅದೃಷ್ಟ. ಇದಕ್ಕೆ ನನ್ನ ಬಳಿ ಔಷಧವಿಲ್ಲ.

ಪ್ರಶ್ನೆ: ಆಯ್ಕೆ ಮಾಡಿಸಿಕೊಡುತ್ತೇನೆ, ಮೇಲಿನವರು ಗೊತ್ತು ಎಂದು ಒಬ್ಬರು ಎರಡು ಲಕ್ಷ ಕೇಳಿದ್ದಾರೆ. ಆಗದಿದ್ದರೆ ಹಣ ವಾಪಸ್ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಹತ್ತು ವರ್ಷ ಕ್ರಿಮಿನಲ್ ವಕೀಲಿಕೆ ಮಾಡಿದವರು ಕೇಳುವ ಪ್ರಶ್ನೆಯೇ ಇದು? ಅವನು ಐದು ಅಭ್ಯರ್ಥಿಗಳಿಂದ ಎರಡೆರಡು ಲಕ್ಷ ಪಡೆಯುತ್ತಾನೆ. ಯಾರೊಂದಿಗೂ ಮಾತನಾಡುವುದಿಲ್ಲ. ಐವರಲ್ಲಿ ಒಬ್ಬರು ತಮ್ಮ ಯೋಗ್ಯತೆಯಿಂದಲೇ ಆಯ್ಕೆಯಾಗುತ್ತಾರೆ. ಉಳಿದ ನಾಲ್ವರಿಗೆ ಹಣ ಹಿಂದಿರುಗಿಸಿ 'ಪ್ರಾಮಾಣಿಕ' ಎನ್ನಿಸಿಕೊಳ್ಳುತ್ತಾನೆ. ಆಯ್ಕೆಯಾದವರು ಅವನ ಗುಣಗಾನ ಮಾಡುತ್ತಾ ಓಡಾಡುತ್ತಾರೆ. ಹಳೆಯ ಕಾಲದಲ್ಲಿ ಗಂಡು ಮಗುವಿಗೆ ಬೇರು ಕೊಡುತ್ತಿದ್ದವರ ಕಸುಬೂ ಇದೇ ಆಗಿತ್ತು. ಹಣ ಕೊಡಬೇಡಿ, ಠಾಣೆಗೆ ದೂರು ಕೊಡಿ. ಕೊಡಲು ಹೆದರಿಕೆಯಾದರೆ ಈ ಹುದ್ದೆಯ ಆಸೆಯನ್ನೂ ಬಿಡಿ.

ಪ್ರಶ್ನೆ: ಶಾಸಕರ ಶಿಫಾರಸು ಪತ್ರ ಲಗತ್ತಿಸಬಹುದೇ?

ಉತ್ತರ: ಲಗತ್ತಿಸಿ. ಅರ್ಜಿಗಳ ರಾಶಿ ಕಡಿಮೆ ಮಾಡಲು ನಮಗೆ ಅದರಿಂದ ಬಹಳ ಅನುಕೂಲವಾಗುತ್ತಿತ್ತು.

ಪ್ರಶ್ನೆ: ಇದು ಕಾಯಂ ಸರ್ಕಾರಿ ನೌಕರಿಯೇ? ಜತೆಗೆ ನನ್ನ ಸಿವಿಲ್ ಪ್ರಕರಣಗಳನ್ನು ಜೂನಿಯರ್ ಹೆಸರಿನಲ್ಲಿ ನಡೆಸಬಹುದೇ?

ಉತ್ತರ: ಕಾಯಂ ಅಲ್ಲ. ಎರಡು ವರ್ಷದ ಗುತ್ತಿಗೆ, ಕೆಲಸ ತೃಪ್ತಿಕರವಾಗಿದ್ದರೆ ವರ್ಷ ವರ್ಷಕ್ಕೆ ವಿಸ್ತರಣೆ. ಖಾಸಗಿ ವಕೀಲಿಕೆ ನಿಷಿದ್ಧ. ಎರಡನೆಯ ಪ್ರಶ್ನೆಯನ್ನು ನೀವು ಬರೆದು ಕಳುಹಿಸಿದ್ದೀರಿ ಎಂಬುದೇ ನನಗೆ ಆಶ್ಚರ್ಯ.

ಪ್ರಶ್ನೆ: ಅಮೆರಿಕದಲ್ಲಿ ಇಂಥ ಅಭಿರಕ್ಷಕರನ್ನು ಜನರೇ ಮತ ಹಾಕಿ ಆರಿಸುತ್ತಾರಂತೆ. ನಮ್ಮಲ್ಲೇಕೆ ಬೇಡ?

ಉತ್ತರ: ಫ್ಲಾರಿಡಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೌದು. ನಮ್ಮ ವಕೀಲರ ಸಂಘದ ಚುನಾವಣೆಯ ಹಿಂದಿನ ದಿನ ಕೋರ್ಟ್ ಆವರಣದಲ್ಲಿ ಅರ್ಧ ಗಂಟೆ ನಿಂತು ಬಂದು ಮತ್ತೆ ಕೇಳಿ.

ಪ್ರಶ್ನೆ: ನನ್ನ ತಮ್ಮ ಕೊಲೆ ಆರೋಪದಲ್ಲಿ ಎರಡೂವರೆ ತಿಂಗಳಿಂದ ಜೈಲಿನಲ್ಲಿದ್ದಾನೆ. ಪುಕ್ಕಟೆ ವಕೀಲರು ಪೊಲೀಸರ ಕಡೆಯವರು, ಜಮೀನು ಮಾರಿಯಾದರೂ ದೊಡ್ಡ ವಕೀಲರನ್ನು ಹಿಡಿಯಿರಿ ಎಂದು ಊರಿನವರು ಹೇಳುತ್ತಾರೆ. ಎರಡು ಎಕರೆ ಇರುವುದರಿಂದ ನಮಗೆ ನೆರವು ಸಿಗುವುದೂ ಇಲ್ಲವಂತೆ.

ಉತ್ತರ: ತಾಯಿ, ಎರಡೂ ಸುಳ್ಳು. ಆರೋಪಿಯ ವಿರುದ್ಧ ವಾದಿಸುವ ಸರ್ಕಾರಿ ಅಭಿಯೋಜಕರ ಪಟ್ಟಿ ತಯಾರಾಗುವುದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ. ಅಭಿರಕ್ಷಕರನ್ನು ಆರಿಸುವ ಸಮಿತಿಯೇ ಬೇರೆ, ಅವರಿಗೆ ಪೊಲೀಸರ ಹಂಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ ನೆರವು ಕೊಡಲೇಬೇಕು. ಅವರಿಗೆ ಆದಾಯದ ಮಿತಿಯಿಲ್ಲ, ಎಕರೆ ಲೆಕ್ಕವೂ ಇಲ್ಲ. ಜಮೀನು ಮಾರಬೇಡಿ. ನಾಳೆ ಬೆಳಿಗ್ಗೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿ ಎಲ್ಲಿದೆ ಎಂದು ಕೇಳಿ ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ದೋಷಾರೋಪಣ ಪಟ್ಟಿ ಬಂದಿದೆಯೇ ಎಂಬುದನ್ನು ಮೊದಲು ವಿಚಾರಿಸಿ. ತಮ್ಮನನ್ನು ಮೊದಲ ಸಲ ಮ್ಯಾಜಿಸ್ಟ್ರೇಟರು ಜೈಲಿಗೆ ಕಳುಹಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಳಗೆ ಕುಳಿತವರು ಆ ಚೀಟಿ ನೋಡಿದ ಕೂಡಲೇ ದಿನ ಎಣಿಸಲು ತೊಡಗದಿದ್ದರೆ ನನಗೆ ಬರೆಯಿರಿ.