ಪುಣೆದಾಗ ಅಪ್ಪಗ ಏನರ ಆದ್ರ ಅಂತ ಕೇಳಿದ್ರಲ್ಲ, ಅದಕ್ಕ

ನಿಮ್ಮ ಪ್ರಶ್ನೆ ಓದಿದೆ ರೀ. ಗದಗ ಕಡೆಯಿಂದ ಪುಣೆದ ಹಿಂಜವಡಿಗೆ ಬಂದು ಇನ್ನೂ ವರ್ಷ ಆಗಿಲ್ಲ, ಅಪ್ಪಗ ಶ್ವಾಸಕೋಶದ ಕ್ಯಾನ್ಸರ್ ಅಂತ ಇಲ್ಲಿಗೇ ಕರ್ಕೊಂಡು ಬಂದೀರಿ, ಡಾಕ್ಟರು ಇನ್ನ ಕೀಮೋ ಕೊಟ್ಟು ಉಪಯೋಗಿಲ್ಲ ಅಂದಾರ, ಅಪ್ಪಗ ಇದನ್ನ ಹೇಳಿಲ್ಲ, ಇಲ್ಲೇ ಏನರ ಆದ್ರ ಊರಿಗೆ ಒಯ್ಯೋದಾ ಇಲ್ಲೇ ಮಣ್ಣು ಮಾಡೋದಾ, ಆರು ವರ್ಷದ ಮಗಳಿಗೆ ಏನ್ ಹೇಳೋದು, ಇಷ್ಟು ಕೇಳಿದ್ರಿ. ಭಾಳ ಮಂದಿ ಇಂಥಾದ್ದನ್ನ ಬಾಯಿ ಬಿಟ್ಟು ಕೇಳೂದಿಲ್ಲ, ಬಿಡ್ತು ಅನ್ರಿ ಅಂತಾರ. ನಾನು ಧಾರವಾಡದಾಕಿ, ಮದುವಿ ಆಗಿ ಪುಣೆಗೆ ಬಂದು ಮೂವತ್ತು ವರ್ಷದ ಮ್ಯಾಲಾತು, ಅತ್ತಿ ಮಾವ ಇಬ್ಬರೂ ಇಲ್ಲೇ ಹೋದ್ರು, ಗೊತ್ತಿದ್ದದ್ದು ಹೇಳ್ತೀನಿ.

ಊರಿಗೋ ಇಲ್ಲೋ ಅನ್ನೋದನ್ನ ನೀವು, ಅಣ್ಣ, ಕಾಕಾ ಕೂಡಿ ಫೋನಿನಾಗ ತೀರ್ಮಾನ ಮಾಡಬ್ಯಾಡ್ರಿ, ಅಪ್ಪನ್ನ ಕೇಳ್ರಿ. ಅವರಿಗೆ ಗೊತ್ತಿಲ್ಲ ಅಂತ ನೀವು ತಿಳ್ಕೊಂಡೀರಿ, ಆದ್ರ ಔಷಧ ನಿಂತದ್ದು, ಮೈ ಇಳಿದದ್ದು, ನೀವು ಬಾಲ್ಕನಿಗೆ ಹೋಗಿ ಮೆಲ್ಲಕ ಮಾತಾಡೋದು, ಇದೆಲ್ಲ ಅವರಿಗೆ ಕಾಣಂಗಿಲ್ಲೇನು? ಮಗ ನೊಂದ್ಕೋತಾನ ಅಂತ ಅವರೂ ಸುಮ್ಮನಿರ್ತಾರ ಅಷ್ಟ. ನಿಮಗ ಹಿಂಗಾಗ್ಯದ ಅಂತ ಎದುರು ಕೂತು ಘೋಷಣಾ ಮಾಡಬೇಕಂತಿಲ್ಲ. ‘ಅಪ್ಪಾ, ಮನಸಿನಾಗ ಏನರ ಚಿಂತಿ ಅದನು?’ ಅಂತ ಕೇಳಿ ಸುಮ್ಮನ ಕೂಡ್ರಿ, ಅವರ ಎಷ್ಟು ಕೇಳ್ತಾರೋ ಅಷ್ಟಕ್ಕ ಖರೇ ಉತ್ತರ ಕೊಡ್ರಿ. ನಮ್ಮ ಅತ್ತಿ ಊರಿಗೇ ಒಯ್ಯಿ ಅಂತಾರ ಅಂತ ನಾವೆಲ್ಲ ನಂಬಿದ್ವಿ, ಕೇಳಿದ್ರ ‘ಅಷ್ಟು ದೂರ ಗಾಡಿಯಾಗ ಅಲ್ಲಾಡಿಸ್ಕೊಂತ ಒಯ್ಯಬ್ಯಾಡ್ರಿ, ಇಲ್ಲೇ ಮುಗಿಸ್ರಿ’ ಅಂದ್ರು. ಕೇಳದಿದ್ರ ಗೊತ್ತೇ ಆಗ್ತಿರ್ಲಿಲ್ಲ.

ವಾರಜೆದಾಗ ಹೈವೇ ಹತ್ರ ಸಿಪ್ಲಾದವರ ಪ್ಯಾಲಿಯೇಟಿವ್ ಕೇರ್ ಸೆಂಟರ್, ಅಂದ್ರ ನೋವು ತ್ರಾಸ ಕಡಿಮಿ ಮಾಡಿ ಆರೈಕಿ ಮಾಡೋ ಜಾಗ, ಅದ, 1997ರಿಂದ ನಡದದ, ಕ್ಯಾನ್ಸರ್ ಪೇಷಂಟಿಗೆ ರೊಕ್ಕ ತಗೊಳ್ಳೂದಿಲ್ಲ, ಮನ್ಯಾವರೊಬ್ಬರು ಜೋಡಿ ಇರಬಹುದು. ಅಲ್ಲಿಗೆ ಹೋದ್ರ ಸಾಯ್ಲಿಕ್ಕೆ ಬಿಟ್ಟಂಗ ಅಂತ ತಿಳ್ಕೋಬ್ಯಾಡ್ರಿ, ನೋವು, ದಮ್ಮು ಹಿಡಿಯೋದು, ರಾತ್ರಿ ನಿದ್ದಿ ಬರಲಾರದ್ದು, ಇವಕ್ಕ ಅಲ್ಲಿ ಔಷಧ ಅದ, ಸುಧಾರಿಸಿದ ಮ್ಯಾಲೆ ಮನಿಗೂ ಬರಬಹುದು. ವೆಂಟಿಲೇಟರ್ ಬೇಕೋ ಬ್ಯಾಡೋ ಅನ್ನೋದೂ ಅಪ್ಪನ್ನ ಈಗಲೇ ಕೇಳ್ರಿ. ನಮ್ಮ ಹೊನ್ನಾವರ ಕಡೆ ಹಳದೀಪುರದ ಅರುಣಾ ಶಾನಭಾಗ ಮುಂಬೈ ಕೆಇಎಂ ಆಸ್ಪತ್ರೆಯಾಗ 1973ರಿಂದ 2015ರ ತನಕ ಅರಿವಿಲ್ಲದಂಗ ಹಾಸಿಗಿ ಮ್ಯಾಲಿದ್ದದ್ದು ನೆನಪಿರಬೇಕು, ಅಲ್ಲಿನ ನರ್ಸ್‌ಗಳೇ ನೋಡ್ಕೊಂಡ್ರು. ಆಕಿಯನ್ನ ಹಂಗೇ ಬದುಕಿಸಿ ಇಡಬೇಕೋ ಬ್ಯಾಡೋ ಅನ್ನೋ ಕೇಸಿನ 2011ರ ತೀರ್ಪಿನ ನಂತರ 2018ರಾಗ ಸುಪ್ರೀಂ ಕೋರ್ಟ್ ಲಿವಿಂಗ್ ವಿಲ್‌ಗೆ, ಅಂದ್ರ ಕೊನಿಗೆ ಯಾವ ಚಿಕಿತ್ಸೆ ಬ್ಯಾಡ ಅಂತ ಮೊದಲೇ ಬರದಿಡೋ ಪತ್ರಕ್ಕ, ಒಪ್ಪಿಗಿ ಕೊಡ್ತು, 2023ರಾಗ ನಿಯಮ ಸಡಿಲ ಮಾಡಿತು, ಇಬ್ಬರು ಸಾಕ್ಷಿ, ನೋಟರಿ ಇಲ್ಲಾ ಗೆಜೆಟೆಡ್ ಆಫೀಸರ್ ಸಹಿ ಆದ್ರ ನಡೀತದ.

ಈಗ ಕಾಗದದ ವಿಷಯ, ಇದನ್ನ ಸ್ವಲ್ಪ ಗಮನ ಇಟ್ಟು ಓದ್ರಿ ಯಾಕಂದ್ರ ಹೊರಗಿಂದ ಬಂದವರು ಒದ್ದಾಡೋದು ಇಲ್ಲೇ. ಮನ್ಯಾಗ ಜೀವ ಹೋದ್ರ ಯಾಕ ಹೋದ್ರು ಅಂತ ಬರದುಕೊಡೋ ಡಾಕ್ಟರ್ ಬೇಕು, ಅವರನ್ನ ಮೊದಲಿಂದ ನೋಡ್ಕೊಂಡು ಬಂದವರೇ ಕೊಡಬೇಕು, ರಾತ್ರಿ ಎರಡಕ್ಕ ಗುರುತಿಲ್ಲದ ಡಾಕ್ಟರನ್ನ ಕರದ್ರ ಅವ್ರು ಕೈ ಎತ್ತತಾರ, ಆಸ್ಪತ್ರೆಗೆ ಒಯ್ದ್ರ ಬರೂ ಮೊದಲ ತೀರ್ಕೊಂಡಾರ ಅಂತ ಪೊಲೀಸ್, ಪೋಸ್ಟ್‌ಮಾರ್ಟಮ್ ಅಂತ ಶುರುವಾಗಬಹುದು. ಅದಕ್ಕ ಈ ವಾರನೇ ನಿಮ್ಮ ಸೊಸೈಟಿ ಹತ್ರದ ಫ್ಯಾಮಿಲಿ ಡಾಕ್ಟರ್ ಒಬ್ಬರಿಗೆ ಅಪ್ಪನ್ನ ತೋರಿಸಿ, ಫೈಲ್ ಪೂರಾ ಓದಿಸಿ, ಕೊನಿಗೆ ಸರ್ಟಿಫಿಕೇಟ್ ಕೊಡ್ತೀರಿ ಹೌದಿಲ್ಲೋ ಅಂತ ನೇರ ಕೇಳ್ಬಿಡ್ರಿ.

ಇನ್ನೊಂದು, ಮರಣದ ನೋಂದಣಿ ಆಗೋದು ಜೀವ ಹೋದ ಜಾಗದಾಗ, ಮಣ್ಣು ಮಾಡಿದ ಜಾಗದಾಗ ಅಲ್ಲ. ಇಲ್ಲಿ ಹೋಗಿ ಗದಗದಾಗ ಮಣ್ಣಾದ್ರೂ ಸರ್ಟಿಫಿಕೇಟ್ ಇಲ್ಲಿಂದೇ ಬರಬೇಕು. 21 ದಿನದೊಳಗ ತಿಳಿಸಬೇಕು, ಆಸ್ಪತ್ರೆಯಾಗ ಆದ್ರ ಅವರೇ ಕಳಸ್ತಾರ, ಮನ್ಯಾಗ ಆದ್ರ ನಿಮ್ಮ ಜವಾಬ್ದಾರಿ, ಮನಿ ಪಾಲಿಕೆ ಒಳಗ ಬರ್ತದೋ ಗ್ರಾಮಪಂಚಾಯತಿ ಒಳಗ ಬರ್ತದೋ ಈಗಲೇ ನೋಡಿ ಇಟ್ಕೋರಿ. ಹೆಸರಿನ ಸ್ಪೆಲ್ಲಿಂಗ್ ಆಧಾರಿನಾಗ ಇದ್ದಂಗೇ ಬರಸ್ರಿ, ನಮ್ಮ ಮಲ್ಲಪ್ಪ ಬಸಪ್ಪ ಇಲ್ಲಿ ಬರಿಯೋ ಹೊತ್ತಿಗೆ ಬ್ಯಾರೇನೇ ಆಗಿರ್ತಾರ, ಆಮ್ಯಾಲೆ ಊರಾಗ ಪೌತಿ ಖಾತೆ, ಅಂದ್ರ ಹೊಲ ವಾರಸುದಾರರ ಹೆಸರಿಗೆ, ಮಾಡಸ್ಲಿಕ್ಕೆ ನಾಡಕಚೇರಿಗೆ ಹೋದಾಗ ಆ ಒಂದು ಅಕ್ಷರಕ್ಕ ತಿಂಗಳಾನುಗಟ್ಟಲೆ ತಿರುಗಬೇಕಾಗ್ತದ. ಬ್ಯಾಂಕು, ಎಲ್ಐಸಿ, ಹೊಲ ಎಲ್ಲದಕ್ಕೂ ಬೇಕು, ಕಾಪಿ ಜಾಸ್ತಿ ತಗೋರಿ.

ನೀವು ಲಿಂಗಾಯತರು ಅಂದ್ರಿ. ಇಲ್ಲಿ ಬಹಳಷ್ಟು ಸ್ಮಶಾನದಾಗ ಸುಡೋದೇ ಇರ್ತದ, ನವಿ ಪೇಠದ ವೈಕುಂಠ ಸ್ಮಶಾನ ಎಲ್ಲರಿಗೂ ಗೊತ್ತು, ಆದ್ರ ಹೂಳ್ಲಿಕ್ಕೆ ಜಾಗ ಎಲ್ಲಾ ಏರಿಯಾದಾಗ ಇಲ್ಲ. ಇಲ್ಲಿನ ಲಿಂಗಾಯತ ಸಮಾಜದವರನ್ನ ವಿಚಾರಿಸಿದ್ರ ಜಾಗನೂ ಹೇಳ್ತಾರ, ಜಂಗಮರೂ ಸಿಗ್ತಾರ. ಊರಿಗೆ ಒಯ್ಯೋದಾದ್ರ ಫ್ರೀಜರ್ ಇರೋ ಗಾಡಿ ಹೇಳ್ರಿ, ಕೊಲ್ಹಾಪುರ ಬೆಳಗಾವಿ ಹುಬ್ಬಳ್ಳಿ ಮ್ಯಾಲೆ ಎಂಟ್ಹತ್ತು ತಾಸು, ಡಾಕ್ಟರ್ ಸರ್ಟಿಫಿಕೇಟು ಆಧಾರು ಕೈಯಾಗಿರಲಿ. ಲಿಫ್ಟಿನಾಗ ಸ್ಟ್ರೆಚರ್ ಹಿಡೀತದೋ ಇಲ್ಲೋ ವಾಚ್‌ಮನ್‌ಗೆ ಕೇಳ್ರಿ, ನಗಬ್ಯಾಡ್ರಿ, ಅದೇ ಹೊತ್ತಿನಾಗ ಅದು ದೊಡ್ಡ ತ್ರಾಸ.

ಆದ್ರ ನನ್ನ ಕೇಳಿದ್ರ ಖರೇ ಕಷ್ಟ ಶುರುವಾಗೋದು ಹನ್ನೊಂದು ದಿನ ಎಲ್ಲ ಮುಗದು ನೀವು ಆಫೀಸಿಗೆ ಹೋದ ಮ್ಯಾಲೆ. ಊರಾಗ ಆದ್ರ ಚಾದಂಗಡಿಯಾಂವನೂ ನಿಮ್ಮಪ್ಪ ಹಂಗಿದ್ರು ಹಿಂಗಿದ್ರು ಅಂತ ಹತ್ತು ಮಾತು ಆಡ್ತಾನ, ಪುಣೆದಾಗ ನಿಮ್ಮಪ್ಪ ಯಾರಿಗೂ ಗೊತ್ತಿಲ್ಲ, ಟೀಮಿನವರು ‘ಸಾರಿ’ ಅಂದು ಮೀಟಿಂಗಿಗೆ ಹೋಗ್ತಾರ. ಅವರದು ತಪ್ಪೇನಿಲ್ಲ. ಅದಕ್ಕ ಅಣ್ಣ ತಂಗಿಗೆ ವಾರಕ್ಕೊಮ್ಮೆ ಫೋನ್ ಹಚ್ಚಿ ಬರೇ ಅಪ್ಪನ ಮಾತ ಆಡ್ರಿ, ಹೊಲದ ಪಾಲಿನ ಮಾತು ಬ್ಯಾರೆ ದಿನ ಇಟ್ಕೋರಿ. ದುಃಖಕ್ಕ ಐದು ಹಂತ ಅಂತ ಎಲ್ಲೋ ಓದಿ ನಂದು ಯಾವ ಹಂತ ಅಂತ ಲೆಕ್ಕ ಹಾಕಬ್ಯಾಡ್ರಿ, ಮನೋವೈದ್ಯೆ ಕ್ಯೂಬ್ಲರ್ ರಾಸ್ 1969ರಾಗ ಅದನ್ನ ಹೇಳಿದ್ದು ಸಾಯೋ ಪೇಷಂಟ್‌ಗಳನ್ನ ಮಾತಾಡಿಸಿ, ಉಳದವರಿಗೆ ಅದು ಟೈಮ್‌ಟೇಬಲ್ ಅಲ್ಲ. ಒಂದಿನ ನಕ್ಕು ಮರುದಿನ ಡ್ರೈವ್ ಮಾಡ್ಕೋತ ಅಳು ಬರ್ತದ, ಬರ್ಲಿ. ಆರು ತಿಂಗಳ ದಾಟಿದ ಮ್ಯಾಲೂ ಊಟ, ಕೆಲಸ, ಮನಿ ಯಾವುದೂ ಹಿಡೀಲಾರದಂಗ ಆದ್ರ ಡಾಕ್ಟರಿಗೆ ತೋರಿಸ್ರಿ. 14416 ಟೆಲಿ ಮಾನಸ್, ಮನಸಿನ ತ್ರಾಸಕ್ಕ ಇರೋ ಸರ್ಕಾರದ ಸಹಾಯವಾಣಿ, ರೊಕ್ಕ ಇಲ್ಲ, ಕನ್ನಡದಾಗೂ ಮಾತಾಡ್ತಾರ.

ಮಗಳಿಗೆ ‘ಅಜ್ಜ ಊರಿಗೆ ಹೋಗ್ಯಾರ’ ಅಂತ ಮಾತ್ರ ಹೇಳಬ್ಯಾಡ್ರಿ, ಸೂಟಿಗೆ ಊರಿಗೆ ಹೋದಾಗ ಆ ಕೂಸು ಮನಿ ತುಂಬ ಹುಡುಕ್ತದ. ಮಲಗ್ಯಾರ ಅಂದ್ರ ರಾತ್ರಿ ತಾನು ಮಲಗ್ಲಿಕ್ಕೆ ಅಂಜ್ತದ. ಅಜ್ಜ ಸತ್ತಾರ, ಮೈ ಕೆಲಸ ನಿಲ್ಲಿಸೇದ, ಇನ್ನ ಹಸಿವಿ ನೋವು ಇರೂದಿಲ್ಲ, ವಾಪಸ್ ಬರೂದಿಲ್ಲ ಅಂತ ಸಣ್ಣ ಮಾತಿನಾಗ ಹೇಳ್ರಿ, ಅದನ್ನೇ ಹತ್ತು ಸಲ ಕೇಳ್ತದ, ಹತ್ತು ಸಲ ಅದನ್ನೇ ಹೇಳ್ರಿ. ಮಾರಿ ನೋಡ್ತೀನಿ ಅಂದ್ರ ಬ್ಯಾಡ ಅನಬ್ಯಾಡ್ರಿ, ಅವತ್ತು ನಿಮಗ ಸಾವಿರ ಕೆಲಸ ಇರ್ತಾವ, ಆಕಿ ಕೈ ಹಿಡಕೊಂಡು ಪಕ್ಕಕ್ಕಿರ್ಲಿಕ್ಕೆ ಅಂತನೇ ಒಬ್ಬರನ್ನ ನಿಲ್ಲಿಸ್ರಿ, ಶಾಲಿ ಟೀಚರಿಗೂ ಒಂದು ಮಾತು ಹೇಳಿ ಇಡ್ರಿ.