ಗೆಳತಿಯ ಹೆಸರು ಕೈಬಿಡುವ ಮೊದಲು

ಪ್ರಶ್ನೆ: ನನ್ನ ಊರು ಶಿರಸಿ ಕಡೆ, ಉಡುಪಿಯಲ್ಲಿ ಎಂ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ನಾಲ್ವರ ಗುಂಪಿಗೆ ಒಂದು ಪ್ರಾಜೆಕ್ಟ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ 61 ದಿನಗಳಲ್ಲಿ ಮಲ್ಪೆಯ ಮೀನು ಮಾರುವ ಹೆಂಗಸರ ಸಂಸಾರ ಹೇಗೆ ನಡೆಯುತ್ತದೆ ಎಂಬುದು ವಿಷಯ. ನಾನೇ ಲೀಡರ್. ಲೆಕ್ಕ, ಟೈಪಿಂಗ್, ಪಿಪಿಟಿ ಎಲ್ಲ ನನ್ನ ತಲೆಯ ಮೇಲೆ. ಮಲಗುವಾಗ ರಾತ್ರಿ ಎರಡು ಗಂಟೆ. ನನ್ನ ಆಪ್ತ ಗೆಳತಿ ಬಂದರಿಗೆ ಬಂದು ಹೆಂಗಸರ ಜೊತೆ ತುಳುವಿನಲ್ಲಿ ಹರಟುತ್ತಾ ಕೂರುತ್ತಾಳೆ, ಫಾರಂ ಅರ್ಧಂಬರ್ಧ ತುಂಬಿ ಕೊಡುತ್ತಾಳೆ. ಇನ್ನೊಬ್ಬಳು ನಾನು ಮಾಡಿದ್ದರಲ್ಲೆಲ್ಲ ತಪ್ಪು ಹುಡುಕುತ್ತಾಳೆ. ಹುಡುಗನೊಬ್ಬ ವಾಟ್ಸಾಪಿನಲ್ಲಿ ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಾನೆ. ಅಂಕ ಮಾತ್ರ ಎಲ್ಲರಿಗೂ ಒಂದೇ. ಗೆಳತಿಯ ಹೆಸರು ತೆಗೆಯಿರಿ ಎಂದು ಗೈಡ್‌ಗೆ ಹೇಳಲೇ? ಹೇಳಿದರೆ ಸ್ನೇಹ ಮುರಿಯುತ್ತದೆ, ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ಉತ್ತರ: ಹೇಳಬೇಡಿ. ಕಡೇಪಕ್ಷ ಈಗಲೇ ಹೇಳಬೇಡಿ.

ಸಿಟ್ಟಾಗದಿದ್ದರೆ ಒಂದು ಮಾತು ಕೇಳುತ್ತೇನೆ. ಜೂನ್‌ನಲ್ಲಿ ಚಿನ್ನ ಅಡವಿಟ್ಟಿರಾ, ಕೈಸಾಲ ಯಾರ ಹತ್ತಿರ ತಂದಿರಿ ಎಂದು ಗುರುತಿಲ್ಲದ ಹುಡುಗಿಯೊಬ್ಬಳು ಫಾರಂ ಹಿಡಿದು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಮೀನಿನ ಬುಟ್ಟಿಯ ಮುಂದೆ ಕೂತ ಯಾವ ಹೆಂಗಸು ಬಾಯಿ ಬಿಡುತ್ತಾಳೆ? ನೀವು ರಾತ್ರಿ ಕೂತು ಕೂಡಿಸುವ ಅಂಕಿಗಳು ಹುಟ್ಟಿದ್ದೇ ಆ ಹರಟೆಯಲ್ಲಿ. ಗೆಳತಿ ಕೆಲಸ ಮಾಡುತ್ತಿದ್ದಾಳೆ. ನಿಮ್ಮ ಥರ ಮಾಡುತ್ತಿಲ್ಲ, ಅಷ್ಟೇ.

ಇಂಗ್ಲೆಂಡಿನ ಮೆರೆಡಿತ್ ಬೆಲ್ಬಿನ್ ಹೆನ್ಲಿಯ ಆಡಳಿತ ತರಬೇತಿ ಕಾಲೇಜಿನಲ್ಲಿ ಗುಂಪುಗಳಿಗೆ ವ್ಯವಹಾರದ ಆಟ ಆಡಿಸಿ ವರ್ಷಗಟ್ಟಲೆ ಗಮನಿಸಿದವರು. 1981ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದರು. ಬುದ್ಧಿವಂತರನ್ನೇ ಆರಿಸಿ ಕಟ್ಟಿದ ಗುಂಪುಗಳು ಎಷ್ಟೋ ಸಲ ಹಿಂದೆ ಬೀಳುತ್ತಿದ್ದವು. ಒಬ್ಬರ ವಾದದಲ್ಲಿ ಇನ್ನೊಬ್ಬರು ತೂತು ಹುಡುಕುವುದರಲ್ಲೇ ಅವರ ಹೊತ್ತು ಹೋಗುತ್ತಿತ್ತು. ಗುಂಪಿನಲ್ಲಿ ಜನ ವಹಿಸುವ ಪಾತ್ರಗಳನ್ನು ಬೆಲ್ಬಿನ್ ಮೊದಲು ಎಂಟು ಎಂದರು, ಆಮೇಲೆ ಒಂಬತ್ತು ಮಾಡಿದರು. ಪ್ರತಿ ಪಾತ್ರದ ಶಕ್ತಿಯ ಬೆನ್ನಿಗೇ ಅದರದ್ದೊಂದು ಕುಂದನ್ನೂ ಬರೆದಿಟ್ಟರು. ನನಗೆ ಹಿಡಿಸಿದ್ದು ಅದೇ. ಹೊರಗೆ ಹೋಗಿ ನಾಲ್ಕು ಜನರನ್ನು ಮಾತಾಡಿಸಿ ಸುದ್ದಿ ತರುವವರಿಗೆ ಮೊದಲ ಉಮೇದು ಇಳಿದ ಮೇಲೆ ಆಸಕ್ತಿ ಇರುವುದಿಲ್ಲ. ನಿಮ್ಮ ಗೆಳತಿ ಇಲ್ಲೇ ಬರುತ್ತಾಳೆ. ಒಂದು ತಪ್ಪೂ ಉಳಿಯದಂತೆ ಕೆಲಸವನ್ನು ಕೊನೆ ಮುಟ್ಟಿಸುವವರು ಅತಿಯಾಗಿ ಚಿಂತೆ ಮಾಡುತ್ತಾರೆ, ಕೆಲಸ ಇನ್ನೊಬ್ಬರ ಕೈಗೆ ಕೊಡಲು ಅವರಿಗೆ ಮನಸ್ಸೇ ಬರುವುದಿಲ್ಲ. ಇವರು ಯಾರೆಂದು ನಾನು ಹೇಳಬೇಕಾಗಿಲ್ಲ ತಾನೇ?

ಹಾಗಂತ ಯಾರ ಹಣೆಗೂ ಪಟ್ಟಿ ಅಂಟಿಸಬೇಡಿ. ಒಬ್ಬರಲ್ಲೇ ಎರಡು ಮೂರು ಪಾತ್ರ ಇರುತ್ತವೆ. ‘ನನ್ನ ಸ್ವಭಾವವೇ ಹೀಗೆ’ ಎಂದು ಅರ್ಧ ಫಾರಂ ಕೊಡಲು ಗೆಳತಿಗೂ ಅದು ನೆಪವಾಗಬಾರದು. ಅವಳನ್ನು ಕ್ಯಾಂಟೀನಿಗೆ ಕರೆದು ನೇರವಾಗಿ ಹೇಳಿ: ‘ಮಾರಾಯ್ತಿ, ನೀನಿಲ್ಲದಿದ್ದರೆ ಆ ಹೆಂಗಸರು ನನ್ನ ಹತ್ತಿರ ಮಾತೇ ಆಡುತ್ತಿರಲಿಲ್ಲ. ಆದರೆ ನೀನು ಖಾಲಿ ಬಿಟ್ಟದ್ದನ್ನು ರಾತ್ರಿ ನಾನು ತುಂಬಿಸಬೇಕು, ಅದು ನನ್ನಿಂದ ಆಗುತ್ತಿಲ್ಲ.’ ಬಂದರಿನಿಂದ ಬಂದ ಸಂಜೆಯೇ ಇಬ್ಬರೂ ಕೂತುಬಿಡಿ. ಅವಳು ಹೇಳಲಿ, ನೀವು ಬರೆಯಿರಿ. ನಾಳೆಗೆ ಬಿಟ್ಟರೆ ಅವಳ ಉಮೇದೂ ಹೋಗುತ್ತದೆ, ನೆನಪೂ ಹೋಗುತ್ತದೆ.

ತಪ್ಪು ಹುಡುಕುವವಳ ವಿಚಾರ ಸುಲಭ. ನೀವು ನಿದ್ದೆಗೆಟ್ಟು ಮುಗಿಸಿದ ಮೇಲೆ ತಪ್ಪು ತೋರಿಸಿದರೆ ಯಾರಿಗಾದರೂ ಉರಿಯುತ್ತದೆ. ಕೋಷ್ಟಕ ಹಾಕುವ ಮೊದಲೇ ಕರಡು ಅವಳ ಕೈಗಿಡಿ.

ಇನ್ನು ಆ ಹುಡುಗ. ನಿಜವಾಗಿ ಏನೂ ಮಾಡದವನು ಅವನೊಬ್ಬನೇ, ಆದರೂ ನಿಮ್ಮ ಪತ್ರದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಸಾಲು. ಸಿಟ್ಟೆಲ್ಲ ಗೆಳತಿಯ ಮೇಲೆ. ಅವಳಿಂದ ನಿರೀಕ್ಷೆ ಇತ್ತು, ಇವನಿಂದ ಇರಲಿಲ್ಲ ಎಂದು ಕಾಣುತ್ತದೆ. ಮ್ಯಾಕ್ಸ್ ರಿಂಗೆಲ್ಮನ್ ಎಂಬ ಫ್ರೆಂಚ್ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಅಳೆದು 1913ರಲ್ಲಿ ಪ್ರಕಟಿಸಿದ್ದಿದೆ: ಕೈಗಳು ಹೆಚ್ಚಿದಷ್ಟೂ ಒಬ್ಬೊಬ್ಬರು ಎಳೆಯುವ ಬಲ ಕಡಿಮೆಯಾಗುತ್ತದೆ. ಕಡಲಿನಿಂದ ದಡಕ್ಕೆ ಎಳೆಯುವ ದೊಡ್ಡ ಬಲೆ ಕೈರಂಪಣಿ, ಅದರ ಹಗ್ಗಕ್ಕೆ ಹತ್ತಾರು ಜನ ಕೈ ಹಾಕಿದಾಗ ಒಬ್ಬ ಬರೀ ಹಿಡಿದು ನಿಂತರೂ ದಡದಲ್ಲಿದ್ದವರಿಗೆ ಗೊತ್ತಾಗುವುದಿಲ್ಲ. ಯಾರ ಪಾಲು ಎಷ್ಟೆಂದು ಬೇರೆಯಾಗಿ ಕಾಣುವಂತಿದ್ದರೆ ಈ ಮೈಗಳ್ಳತನ ಕಡಿಮೆಯಾಗುತ್ತದೆ ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ನಿಮ್ಮ ಗುಂಪಿನಲ್ಲಿ ಅದು ಕಾಣುತ್ತಲೇ ಇಲ್ಲ, ಏಕೆಂದರೆ ಎಲ್ಲವನ್ನೂ ನೀವೇ ಎಳೆದು ಹಾಕಿಕೊಂಡಿದ್ದೀರಿ. ಸಾಲದ ಅಧ್ಯಾಯ ಪೂರ್ತಿ ಅವನಿಗೆ ಕೊಡಿ. ದಿನಾಂಕ ಗೊತ್ತುಮಾಡಿ, ಗೈಡ್ ಎದುರು ಅದನ್ನು ಅವನೇ ವಿವರಿಸಬೇಕೆಂದು ನಾಲ್ವರ ಮುಂದೆಯೇ ಹೇಳಿ. ಅವನು ಕೆಟ್ಟದಾಗಿ ಬರೆದರೂ ರಾತ್ರಿ ಕೂತು ತಿದ್ದಬೇಡಿ. ನಿಮಗೆ ಕಷ್ಟವಾಗುವುದು ಇದೇ. ಆ ದಿನವೂ ಬರಿಗೈಯಲ್ಲಿ ಬಂದರೆ ಗೈಡ್ ಹತ್ತಿರ ಹೋಗಿ, ವೈವಾಕ್ಕೆ ಮುಂಚೆಯೇ. ಹೋಗುವ ಮುನ್ನ ಅವನಿಗೆ ಹೇಳಿಯೇ ಹೋಗಿ.